ನೇತುಬಿದ್ದ ದೊರೆಗಳು

ಶಿವಪ್ರಕಾಶನ ಮಗ್ಗದ ಗುಂಡಿ ಪಾತಾಳಕ್ಕೆ ಎರಡೇ ಗೇಣು ಕಡಿಮೆ. ಕೊಳ್ಳೇಗಾಲದಲ್ಲಿ ಅದಕ್ಕಿಂತ ಆಳದ ಗುಂಡಿ ಇನ್ನೊಂದಿಲ್ಲ. ಇದೆ ಅನ್ನುವವರು ಇಳಿದು ನೋಡಿದವರಲ್ಲ. ಅದರ ಅಂಚಿನಲ್ಲಿ ಕೂತು, ಕಾಲು ಒಳಕ್ಕೆ ಇಳಿಬಿಟ್ಟು ಕಾಲ್ಮಣೆ ತುಳಿಯತೊಡಗಿದರೆ ನಡುಬೇಸಿಗೆಯಲ್ಲೂ ಹಿಮ್ಮಡಿಗೆ ಮಾಗಿಯ ಚಳಿ ತಾಕುತ್ತಿತ್ತು. ಆ ಗುಂಡಿಯನ್ನು ಅವನು ತನ್ನ ನಡುಮನೆಯಲ್ಲಿ ತನ್ನ ಕೈಯಾರೆ ತೋಡಿದ್ದ. ತೋಡಿದ ಮಣ್ಣನ್ನು ಬೀದಿಗೆ ಹಾಕಿದ್ದರೆ ಇನ್ನೊಂದು ಬಿಳಿಗಿರಿರಂಗನ ಬೆಟ್ಟವೇ ಏಳುತ್ತಿತ್ತು.

ಅದಕ್ಕೆ ಮೊದಲು ಅರ್ಧ ಆಯಸ್ಸು ಅವನು ಒಬ್ಬ ಯಜಮಾನನ ಶೆಡ್ಡಿನಲ್ಲಿ, ಗೋಡೆಗೆ ಮುಖಮಾಡಿದ ಮಗ್ಗದಲ್ಲಿ ಕಳೆದಿದ್ದ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಬಿರುಕು ಬಿಟ್ಟಿದೆ, ಯಾವ ಬಿರುಕಿನಲ್ಲಿ ಯಾವ ಇರುವೆ ಸಂಸಾರ ಹೂಡಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಬಿಟ್ಟು ಬರುವ ದಿನ ಯಜಮಾನ ಬೈಯಲಿಲ್ಲ. ಎಲೆಯಡಿಕೆ ಅಗಿಯುತ್ತ ಇಷ್ಟೇ ಅಂದ: “ಓಗ್ಬುಟ್ ಬಾ. ನಿನ್ನ ಗುಂಡಿಗೆ ಮಣ್ಣು ಮುಚ್ಚಕ್ಕಿಲ್ಲ ಕಣ್ಲಾ. ಅಂಗೇ ಇರ್ತದೆ.” ಬೈದಿದ್ದರೆ ಮರೆತುಹೋಗುತ್ತಿತ್ತು. ಇದು ಮರೆಯಲಿಲ್ಲ. ಬಾಯಿ ತೆರೆದುಕೊಂಡು ತನಗಾಗಿಯೇ ಕಾಯುತ್ತಿರುವ ಆ ಗುಂಡಿ ಊಟಕ್ಕೆ ಕೂತಾಗಲೂ ಅವನ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು.

ಸ್ವಂತ ಮಗ್ಗಕ್ಕೆ ಮೊದಲ ಗಿರಾಕಿಯಾಗಿ ಬಂದವರು ಹೊನ್ನೂರಿನ ಕೆಂಪನಂಜಪ್ಪ. ಅವರ ಗದ್ದೆಯ ಕಬ್ಬು ಎಷ್ಟು ಎತ್ತರ ಎಂದರೆ ಹದ್ದುಗಳು ಬಳಸಿಕೊಂಡು ಹೋಗುತ್ತವೆ. ಅವರು ಹೊನ್ನೂರಿನಲ್ಲಿ ಕೆಮ್ಮಿದರೆ ಯಳಂದೂರಿನಲ್ಲಿ ಜನ ತಿರುಗಿ ನೋಡುತ್ತಾರೆ. ಮಗಳು ನಾಗಶ್ರೀಯ ಮದುವೆ ಗೊತ್ತಾಗಿತ್ತು. ಧಾರೆ ಸೀರೆ ನೇಯಿಸಬೇಕಿತ್ತು. ಆದರೆ ಅವರು ಸೀರೆಯ ಮಾದರಿ ತರಲಿಲ್ಲ. ಎರಡು ಕೈಯಲ್ಲೂ ತಬ್ಬಿಕೊಂಡು ಒಂದು ಮರದ ಪೆಟ್ಟಿಗೆ ತಂದರು.

ಪೆಟ್ಟಿಗೆ ತೆರೆದರೆ ಒಳಗೆ ಹತ್ತಿಯ ಹಾಸಿಗೆಯ ಮೇಲೆ ಪಿಂಗಾಣಿಯ ಚದುರಂಗದ ಕಾಯಿಗಳು. ಒಂದು ಪಡೆ ಹಾಲುಬಿಳಿ, ಇನ್ನೊಂದು ಮೋಡ ಕವಿದ ನೀಲಿ. ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರ ಮುಂದೆ ಧರಣಿ ಕೂತಂತೆ ಕೂತು ಕೆಂಪನಂಜಪ್ಪ ಅದನ್ನು ಗಿಟ್ಟಿಸಿದ್ದರು. ಯವನರ, ಅಂದರೆ ಹಳೇ ಗ್ರೀಕರ, ಕಾಲದ ಕಲ್ಲಿನ ಮೂರ್ತಿಗಳನ್ನು ನೋಡಿ ಯಾರೋ ವಿಲಾಯಿತಿಯ ಕೈಚಳಕದವನು ಅದೇ ಗತ್ತಿನಲ್ಲಿ ಮಾಡಿದ್ದಂತೆ. ಕುದುರೆಗಳ ಕೇಸರ ಬಾಚಿ ಬೈತಲೆ ತೆಗೆದಂತಿತ್ತು. ಸಿಪಾಯಿಗಳ ಮೂಗು ಎಷ್ಟು ನೆಟ್ಟಗಿತ್ತೆಂದರೆ ಅದನ್ನಿಟ್ಟು ಗೆರೆ ಎಳೆಯಬಹುದಿತ್ತು. ಪೀಠದೊಳಗೆ ಸೀಸ ಸುರಿದಿದ್ದರಿಂದ ಒಂದೊಂದು ಕಾಯಿಯೂ ತೊಟ್ಟಿಲ ಕೂಸಿನಷ್ಟು ಭಾರ.

“ಆನೆ ಎಲ್ಲಿ ಸಾ?” ಎಂದ ಶಿವಪ್ರಕಾಶ.

“ಇದೇ ಕಣಪ್ಪ,” ಎಂದು ಕೆಂಪನಂಜಪ್ಪ ಕಂಬಗಳ ಪುಟ್ಟ ಮಂಟಪವೊಂದನ್ನು ಎತ್ತಿ ತೋರಿಸಿದರು.

ಶಿವಪ್ರಕಾಶನ ತಾಯಿ ದೇವೀರಮ್ಮ ಕಣ್ಣು ಕಿರಿದುಮಾಡಿ ಕಂಬಗಳ ಸಂದಿಯಲ್ಲಿ ಇಣುಕಿದಳು. “ಒಳಗೆ ಮನೀಕಂಡದೇನೋ ಬುಡು,” ಎಂದಳು.

ದೊರೆಗಳದ್ದೇ ಬೇರೆ ಠೀವಿ. ಮೀಸೆಯಿಲ್ಲ. ತಲೆಗೆ ಎಲೆಗಳ ಕಿರೀಟ, ಒಂದೇ ಹೆಗಲಿಗೆ ಹೊದ್ದ ನೆರಿಗೆ ನೆರಿಗೆಯ ದುಪ್ಪಟಿ. ಆಗ ತಾನೇ ನೀರು ಹುಯ್ದುಕೊಂಡು ಬಚ್ಚಲಿನಿಂದ ಬಂದು, ‘ಒಲೆ ಯಾಕೆ ಆರಿತು?’ ಎಂದು ಕೇಳಲು ಹೊರಟವರಂತೆ ನಿಂತಿದ್ದರು. ಆ ದುಪ್ಪಟಿಯ ಅಂಚಿನಲ್ಲಿ ಚಿನ್ನದ ಗೆರೆಯೊಂದು ಮೂಲೆ ಮೂಲೆಗೆ ತಿರುಗಿ, ಒಳಕ್ಕೆ ಹೊಕ್ಕು, ಸಿಕ್ಕಿಬಿದ್ದು, ಬಂದ ದಾರಿಯಲ್ಲೇ ಹೊರಬಂದು, ಮತ್ತೆ ಮುಂದಿನ ಚೌಕದೊಳಗೆ ಸಿಕ್ಕಿಬೀಳುತ್ತಿತ್ತು.

“ಈ ಅಂಚು ನನ್ನ ಮಗಳ ಸೀರೇಲಿ ಬರ್ಬೇಕು. ಶಿವರತ್ನ ಏಳ್ಬುಟ್ಟವ್ಳೆ,” ಎಂದರು ಕೆಂಪನಂಜಪ್ಪ. ಹೊನ್ನೂರಿನಲ್ಲಿ ಅವರ ಮಾತಿಗೆ ಮೇಲ್ಮಾತಿಲ್ಲ, ಹೆಂಡತಿ ಶಿವರತ್ನಮ್ಮನ ಮಾತೊಂದನ್ನು ಬಿಟ್ಟು. “ನೋಡ್ಕಂಡು ನೇಯಿ. ಪೆಟ್ಗೆ ಪೂರಾ ಇಲ್ಲೇ ಇರ್ಲಿ. ಸಂಸಾರ ಒಡೀಬಾರ್ದು. ಆದ್ರೆ ಒಂದು ಚೂರು ಮುಕ್ಕಾದ್ರೂ, ಮಾದಪ್ಪನಾಣೆ, ಸೀರೆನೂ ಬ್ಯಾಡ, ನೀನೂ ಬ್ಯಾಡ.”

ಊರಿನಲ್ಲೇ ಇದ್ದ ಗ್ರಾಫ್ ಬರೆಯುವವನು ಒಂದು ವಾರ ಪೆಟ್ಟಿಗೆಯನ್ನು ಮನೆಗೊಯ್ದು, ಅಂಚನ್ನು ಚೌಕದ ಹಾಳೆಗೆ ಇಳಿಸಿ, ಮಗ್ಗದ ನೂಲು ಎತ್ತಿಳಿಸುವ ತೂತಿನ ರಟ್ಟು ಕೊರೆದು ಪೆಟ್ಟಿಗೆಯ ಜೊತೆ ಹಿಂದಕ್ಕೆ ಕೊಟ್ಟ. ಸೀರೆ ಮಗ್ಗಕ್ಕೇರಿತು. ಅಲ್ಲಿಂದ ತೊಡಕು ಶುರುವಾಯಿತು.

ಅಗಲವಾದ ಜರಿಯಂಚಿನ ನೂಲು ಒಡಲಿನ ನೂಲಿನ ಜೊತೆ ಹೋಗುವುದಿಲ್ಲ. ಅದರದ್ದೇ ಬೇರೆ ಸಂಸಾರ. ಅದು ಮಗ್ಗದ ಹಿಂದಿನ ಅಡ್ಡಮರವನ್ನು ದಾಟಿ ಕೆಳಕ್ಕೆ ಜೋತುಬೀಳುತ್ತದೆ. ಬಿಗಿಯಾಗಿರಲು ತುದಿಗೆ ತೂಕ ಕಟ್ಟುತ್ತಾರೆ. ಕೊಳ್ಳೇಗಾಲದಲ್ಲಿ ಒಬ್ಬೊಬ್ಬರದು ಒಂದೊಂದು ತೂಕ: ಹೊಳೆಕಲ್ಲು, ಮರಳು ತುಂಬಿದ ಬಾಟಲಿ, ಮುರಿದ ಒರಳಿನ ಚೂರು. ಎಡಬಲ ಎರಡೂ ತೂಕ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು. ಆದರೆ ಈ ಸಿಕ್ಕುಸಿಕ್ಕಿನ ಅಂಚು ಯಾವ ಕಲ್ಲಿಗೂ ಬಗ್ಗಲಿಲ್ಲ. ಎಡಗಡೆ ಸುಕ್ಕಾದರೆ ಬಲಗಡೆ ಸೆಟೆಯುತ್ತಿತ್ತು. ಶಿವಪ್ರಕಾಶ ಊರಿನ ಕಲ್ಲೆಲ್ಲ ಕಟ್ಟಿ ಬಿಚ್ಚಿ, ತಲೆ ಬಿಸಿಯಾಗಿ ಟೀ ಕುಡಿಯಲು ಹೋದ.

ಬಂದು ನೋಡುತ್ತಾನೆ, ಅಂಚು ಗಾಜಿನ ಮೇಲೆ ಬರೆದಂತೆ ನೆಟ್ಟಗೆ ಮಲಗಿದೆ.

“ಏನ್ ಮಾಡ್ದವ್ವಾ?”

“ಕುಂತು ತಿಂತಿದ್ರಲ್ಲ, ದೊರೆಗಳು,” ಎಂದಳು ದೇವೀರಮ್ಮ. “ಕೆಲ್ಸಕ್ಕಚ್ಚಿದೆ.”

ಹಿಂದೆ ಹೋಗಿ ನೋಡಿದರೆ ಎಡಗಡೆ ಬಿಳಿ ದೊರೆ, ಬಲಗಡೆ ನೀಲಿ ದೊರೆ. ಕತ್ತಿಗೆ ಹುರಿ ಬಿಗಿಸಿಕೊಂಡು, ಎಲೆಕಿರೀಟ ಸಮೇತ, ಒಂದೇ ಹದದಲ್ಲಿ ತೂಗುತ್ತಿದ್ದರು. ಒಂದೇ ಅಚ್ಚಿನಿಂದ ಬಂದ ಅವಳಿಜವಳಿಗಳಿಗಿಂತ ಸಮತೂಕ ಈ ಭೂಮಂಡಲದಲ್ಲಿ ಯಾವುದಿದ್ದೀತು? ಬಿಚ್ಚಲು ಶಿವಪ್ರಕಾಶನ ಕೈ ಹೋಯಿತು. ಆದರೆ ಅಷ್ಟರಲ್ಲಿ ದೇವೀರಮ್ಮ ಒಂದು ಗೇಣು ನೇಯ್ದಾಗಿತ್ತು. ಮಗ್ಗದ ಕಟ್ಟಳೆ ಎಲ್ಲರಿಗೂ ಗೊತ್ತು: ಯಾವ ತೂಕದಲ್ಲಿ ಅಂಚು ಹುಟ್ಟಿತೋ ಅದೇ ತೂಕದಲ್ಲಿ ಮುಗಿಯಬೇಕು. ನಡುವೆ ತೂಕ ಬದಲಾಯಿಸಿದರೆ ಅಲ್ಲೊಂದು ಪಟ್ಟೆ ಏಳುತ್ತದೆ. ಕುರುಡನ ಕೈಗೂ ತಾಕುತ್ತದೆ. ಅವನು ಹಿಂದಿನ ಅಡ್ಡಮರದ ಕೆಳಗೆ ಒಂದು ಗೋಣಿತಾಟು ಇಳಿಬಿಟ್ಟು ದೊರೆಗಳನ್ನು ಮರೆಮಾಡಿದ. ಉಳಿದ ಕಾಯಿಗಳ ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ತಳ್ಳಿದ. ಸೀರೆ ಮುಗಿದ ಕ್ಷಣವೇ ಇಳಿಸಿ, ಒರೆಸಿ, ಹತ್ತಿಯಲ್ಲಿ ಮಲಗಿಸಿದರಾಯಿತು ಎಂದುಕೊಂಡ.

ಸೀರೆ ಅರ್ಧ ದಾಟಿತ್ತು. ಒಂದು ಬೆಳಿಗ್ಗೆ ಬೀದಿಯಲ್ಲಿ ಕಾರಿನ ಬಾಗಿಲು ದಢಾರನೆ ಬಡಿಯಿತು. ಕೆಂಪನಂಜಪ್ಪ ಒಳಗೆ ಬಂದು, ನಡುಮನೆಯ ಮಂಚದ ಮೇಲೆ, ಸರಿಯಾಗಿ ಪೆಟ್ಟಿಗೆಯ ಮೇಲಕ್ಕೆ, ಕುಕ್ಕರಿಸಿದರು. ಮಂಚ ನರಳಿತು.

“ಪೆಟ್ಗೆ ಕೊಡಪ್ಪ, ಒಂದಿನದ ಮಟ್ಟಿಗೆ. ಯಳಂದೂರಿಂದ ಬೀಗರು ಬತ್ತಾವ್ರೆ ಸಂಜೆಗೆ. ಶಿವನಂಜಯ್ಯ ಅಂತ. ಚದುರಂಗದ ಹುಚ್ಚ. ‘ಕಬ್ಬು ಬೆಳೆಯೋನ ತಲೇಲಿ ಸಿಪ್ಪೆ ಬುಟ್ರೆ ಇನ್ನೇನಿದ್ದಾತು’ ಅಂತ ಮದುವೆ ಮಾತುಕತೇಲೇ ಅಂದವ್ನೆ. ಇವತ್ತು ಈ ದೊರೆಗಳ್ನ ಮುಂದೆ ಮಡಗಿ ಅವನ ಸಿಪ್ಪೆ ಸುಲಿತೀನಿ.”

ಶಿವಪ್ರಕಾಶ ಗುಂಡಿಯಲ್ಲಿದ್ದ. ಅವನ ಮುಂದೆ ಉದ್ದಕ್ಕೂ ಚಾಚಿದ ನೂಲಿನ ಹಾಸು, ಹಾಸಿನ ಆಚೆ ತುದಿಯಲ್ಲಿ ಅಡ್ಡಮರ, ಅಡ್ಡಮರದ ಕೆಳಗೆ ಗೋಣಿ, ಗೋಣಿಯ ಹಿಂದೆ ಇಬ್ಬರು ದೊರೆಗಳು. ಈಗ ಇಳಿಸಿದರೆ ಸೀರೆ ಹಾಳು. ಇಳಿಸದಿದ್ದರೆ, ಮಗಳ ಮದುವೆಯ ಹೊಸ್ತಿಲಲ್ಲಿ ತಮ್ಮ ದೊರೆಗಳನ್ನು ನೇಣಿಗೇರಿಸಿದವನ ಸೀರೆಯನ್ನು ಯಾವ ಅಪ್ಪ ತಾನೇ ಒಯ್ದಾನು? ಎರಡು ದಾರಿಯೂ ತಿರುಗಿ ತಿರುಗಿ ಯಜಮಾನನ ಶೆಡ್ಡಿನ ಗೋಡೆಯ ಮುಂದೆಯೇ ಮುಗಿಯುತ್ತಿದ್ದವು. ನಾಲಿಗೆ ತಾನಾಗಿಯೇ ಹೊರಳಿತು:

“ಪೆಟ್ಗೆ ಇಲ್ಲಿಲ್ಲ ಸಾ. ಗ್ರಾಫ್ ಬರೆಯೋರ ಮನೇಲದೆ. ಹನೂರಲ್ಲಿ.”

“ಹನೂರಲ್ಲಾ?”

“ಊ ಸಾ. ಸೆರಗಿನ ಗ್ರಾಫ್ ಬರೀತಾವ್ರೆ. ಇಂಚರ ಓಗಿ ತತ್ತಾಳೆ.” ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇಂಚರಳ ಕಡೆಗೆ ಅವನು ಕಣ್ಣು ಹೊಡೆದ. ಅವಳು ತಕ್ಷಣ ಚೀಲ ಹೆಗಲಿಗೇರಿಸಿದಳು. ಪಕ್ಕದ ಮನೆಯ ಶಂಕರಮ್ಮನಲ್ಲಿ ಹರಟೆ ಹೊಡೆದುಕೊಂಡಿದ್ದು, ಕೆಂಪನಂಜಪ್ಪ ಬೇಸತ್ತು ಹೋದ ಮೇಲೆ ಬಂದರಾಯಿತು ಎಂದು ಅವಳ ಲೆಕ್ಕ.

“ಬಸ್ಸಲ್ಲಿ ಯಾಕವ್ವ? ನಮ್ಮ ಕಾರಲ್ಲಿ ಓಗ್ಬುಟ್ ಬಾ. ಡ್ರೈವರ್ ಅವ್ನೆ,” ಎಂದರು ಕೆಂಪನಂಜಪ್ಪ. “ನಾನಿಲ್ಲೇ ಕುಂತಿರ್ತೀನಿ.”

ಇಲ್ಲದ ಮನೆಗೆ, ಇಲ್ಲದ ಪೆಟ್ಟಿಗೆ ತರಲು ಇಂಚರ ಕಾರಿನಲ್ಲಿ ಕೂತು ಹನೂರಿಗೆ ಹೊರಟಳು. ಹೊರಡುವಾಗ ಗಂಡನ ಕಡೆ ಬೀರಿದ ನೋಟ ಬೇರೆ ಯಾರ ಮೇಲೆ ಬಿದ್ದಿದ್ದರೂ ಅವರು ಬೂದಿಯಾಗುತ್ತಿದ್ದರು. ಅವನು ಗುಂಡಿಯ ತಂಪಿನಲ್ಲಿದ್ದುದರಿಂದ ಬದುಕಿಕೊಂಡ.

ಇನ್ನು ನೇಯುವುದೊಂದೇ ಉಳಿದದ್ದು. ನೇಯ್ದ. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಹಾಕಿದ ನೂಲನ್ನು ಒತ್ತುವ ಹಣಿಗೆ ಟಕ್ಕೆಂದು ಬಡಿಯಿತು. ನಾಲ್ಕು ಬೆರಳು ಬಟ್ಟೆ ಆದಾಗ, ಕೈಯ ರೂಢಿಯಂತೆ, ಮುಂದಿನ ಮರಕ್ಕೆ ಸುತ್ತಿದ. ಸುತ್ತಿದ ಮೇಲೆ ಅವನಿಗೆ ಹೊಳೆಯಿತು, ಮುಂದೆ ನಾಲ್ಕು ಬೆರಳು ಸುತ್ತಿದರೆ ಹಿಂದೆ ತೂಕ ನಾಲ್ಕು ಬೆರಳು ಮೇಲೇರುತ್ತದೆ. ಬೇರೆ ದಿನ ತೂಕ ಮೇಲೇರಿದರೆ ಎದ್ದು ಹೋಗಿ ನೂಲು ಬಿಟ್ಟು ಕೆಳಗಿಳಿಸುತ್ತಿದ್ದ. ಈಗ ಎದ್ದು ಹೋಗುವುದು ಹೇಗೆ? ಹೋದರೆ ಕೆಂಪನಂಜಪ್ಪನ ಕಣ್ಣು ಬೆನ್ನಟ್ಟಿ ಬರುತ್ತದೆ. ಗೋಣಿಯ ಮೇಲಂಚಿಗೂ ಅಡ್ಡಮರಕ್ಕೂ ನಡುವೆ ಒಂದು ಗೇಣು ಸಂದಿ. ಆ ಸಂದಿಯಲ್ಲಿ ಎರಡು ಎಲೆಯ ತುದಿಗಳು ಆಗಲೇ ಮೊಳೆತಿದ್ದವು, ಒಂದು ಬಿಳಿ, ಒಂದು ನೀಲಿ.

ಶಿವಪ್ರಕಾಶ ಕೈ ನಿಲ್ಲಿಸಿದ.

“ಯಾಕ್ ನಿಲ್ಲಿಸ್ದೆ?” ಎಂದರು ಕೆಂಪನಂಜಪ್ಪ. “ನೇಯಿ ನೇಯಿ. ಲಾಳಿ ಸದ್ದು ಕೇಳ್ತಿದ್ರೆ ನನಗೆ ನಿದ್ದೆ ಬಂದಂಗಾಯ್ತದೆ.”

ನಿದ್ದೆ! ಆ ಒಂದು ಪದಕ್ಕೆ ಜೋತುಬಿದ್ದು ಅವನು ಮತ್ತೆ ನೇಯ್ದ. ಕೆಂಪನಂಜಪ್ಪನ ರೆಪ್ಪೆ ಅರ್ಧ ಇಳಿಯುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ಮತ್ತೆ ಮೇಲೇರುತ್ತಿತ್ತು. ಇತ್ತ ದೊರೆಗಳ ಹಣೆ ಕಾಣಿಸಿತು. ಹುಬ್ಬು ಕಾಣಿಸಿತು. ಸೂರ್ಯ ಚಂದ್ರ ಒಟ್ಟಿಗೆ ಹುಟ್ಟಿದ ಹಾಗೆ ಇಬ್ಬರೂ ಗೋಣಿಯ ದಿಗಂತದಿಂದ ಏಳುತ್ತಿದ್ದರು. ಅವರ ಕುರುಡು ಪಿಂಗಾಣಿ ಕಣ್ಣುಗಳು ಸೀದಾ ಶಿವಪ್ರಕಾಶನನ್ನೇ ನೋಡುತ್ತಿದ್ದವು.

ದೇವೀರಮ್ಮ ಕಾಫಿ ತಂದಳು. “ಬಾರಪ್ಪ, ಎದ್ದು ಬಂದು ಜೊತೇಲಿ ಕುಡಿ,” ಎಂದರು ಕೆಂಪನಂಜಪ್ಪ.

“ಏಳಂಗಿಲ್ಲ ಸಾ,” ಎಂದ. ಯಾಕೆಂದು ಅವರು ಕೇಳುವ ಮೊದಲೇ ಕಾರಣವೂ ಹೊರಬಿತ್ತು. “ಧಾರೆ ಸೀರೆ ಅಲ್ವಾ? ನೇಮ ಅದೆ. ಹೊತ್ತು ಮುಳುಗೋಗಂಟ ಗುಂಡಿಯಿಂದ ಏಳಬಾರ್ದು. ಅನ್ನ ನೀರು ಮುಟ್ಟಬಾರ್ದು.”

ಕೆಂಪನಂಜಪ್ಪ ಕಾಫಿಯ ಲೋಟವನ್ನು ಕೆಳಗಿಟ್ಟು ಕೈಮುಗಿದರು. “ಇಂಥ ನೇಮಸ್ತರು ಇದ್ದೀರಾ ಇನ್ನೂ! ನಾನು ಊರೆಲ್ಲ ಕಾಟಾಚಾರ ಅಂದ್ಕಂಡಿದ್ದೆ.” ಆಮೇಲೆ, ದೇವೀರಮ್ಮನ ಕಡೆ ತಿರುಗಿ, “ಏನಮ್ಮ, ಮದ್ಲಿಂದ್ಲೂ ಇಂಗೇನಾ?”

ಅವಳು ಮಗನನ್ನು ಒಂದು ಕ್ಷಣ ನೋಡಿದಳು. ಅವಳ ತುಟಿಯ ಮೂಲೆಯಲ್ಲಿ ಏನೋ ಕುಣಿಯಿತು. “ನಮ್ಮತ್ತೆ ಮಾವ ಎಲ್ಲ ಇಂಗೇ ಮಾಡೋರು ಕಣ್ರಿ. ಅವರು ಉಗುಳು ಕೂಡ ನುಂಗ್ತಿರ್ನಿಲ್ಲ.”

ಆ ಕ್ಷಣದಿಂದ ಶಿವಪ್ರಕಾಶನಿಗೆ ಉಗುಳು ನುಂಗಲೂ ಭಯವಾಯಿತು. ಮಧ್ಯಾಹ್ನ ಅವನ ಮೂಗಿನಡಿಯಲ್ಲೇ ಮುದ್ದೆ, ಉಪ್ಸಾರು, ಹುರುಳಿಕಾಳು, ಹಸಿಮೆಣಸಿನಕಾಯಿಯ ಖಾರ ಮಂಚದ ಮುಂದಕ್ಕೆ ಬಂದವು. ಆ ಉಪ್ಸಾರಿನ ವಾಸನೆಗೆ ಸತ್ತವರೂ ಎದ್ದು ತಟ್ಟೆ ಹಿಡಿಯುತ್ತಾರೆ. ಕೆಂಪನಂಜಪ್ಪ ಮುದ್ದೆ ಮುರಿದು, ಅದ್ದಿ, ಕಣ್ಣುಮುಚ್ಚಿ ನುಂಗಿದರು. ಗುಂಡಿಯೊಳಗಿನಿಂದ ಶಿವಪ್ರಕಾಶನ ಹೊಟ್ಟೆ ಹುಲಿಯಂತೆ ಗುರುಗುಟ್ಟಿತು. ಮಲೆ ಮಾದಪ್ಪನ ವಾಹನವೇ ಬಂತೆಂದು ಕೆಂಪನಂಜಪ್ಪ ಒಮ್ಮೆ ಸುತ್ತ ನೋಡಿದರು. ಹಸಿವಿಗಿಂತ ದೊಡ್ಡ ಬಾಧೆ ಬೇರೆಯಿತ್ತು. ಬೆಳಿಗ್ಗೆ ಎದ್ದವನೇ ಹಿತ್ತಲಿಗೆ ಹೋಗದೆ ಮಗ್ಗಕ್ಕೆ ಕೂತಿದ್ದ. ಈಗ ಹೊಟ್ಟೆಯ ಕೆಳಗೆ ಕಾವೇರಿ ಕಟ್ಟೆ ಕಟ್ಟಿಕೊಂಡು ನಿಂತಿದ್ದಳು. ಕಾಲುಗಳು ಅವನವೇ ಹೌದೋ ಅಲ್ಲವೋ ಎಂಬುದೂ ಗೊತ್ತಾಗುತ್ತಿರಲಿಲ್ಲ.

ದೊರೆಗಳ ಮೂಗು ಕಾಣಿಸಿತು. ಇನ್ನು ಗಲ್ಲ ಬಂದರೆ ಹುರಿ ಬಿಗಿದ ಕತ್ತು. ಕತ್ತು ಬಂದರೆ ಎಲ್ಲವೂ ಬಂದಂತೆ.

ಆಗ ಅವನ ಬೆರಳುಗಳು ತಾವಾಗಿಯೇ ಒಂದು ಕೆಲಸ ಶುರುಮಾಡಿದವು. ನೇಯ್ದರೆ ದೊರೆ ಏಳುತ್ತಾನೆ. ಹಾಗಾದರೆ ಬಿಚ್ಚಿದರೆ ಇಳಿಯಬೇಕು. ಕಾಲ್ಮಣೆ ತುಳಿದು, ರಟ್ಟನ್ನು ಹಿಂದಕ್ಕೆ ತಳ್ಳಿ, ಲಾಳಿಯನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ. ಹಾಕಿದ ಹೊಕ್ಕು ಹಿಂದಕ್ಕೆ ಬಂತು. ಸದ್ದಿಗಾಗಿ ಹಣಿಗೆಯನ್ನು ಗಾಳಿಗೆ ಬಡಿದ, ಟಕ್ಕೆಂದಿತು. ಕೆಂಪನಂಜಪ್ಪ ಬಂದ ಮೇಲೆ ನೇಯ್ದದ್ದನ್ನೆಲ್ಲ ಬಿಚ್ಚಿ, ಮುಂದಿನ ಮರದಿಂದ ಅಷ್ಟನ್ನೂ ಸಡಿಲಿಸಿದ. ಆಚೆ ಗೋಣಿಯ ಸಂದಿಯಲ್ಲಿ ಎರಡು ಮೂಗು, ಎರಡು ಜೊತೆ ಹುಬ್ಬು ಮೆಲ್ಲಗೆ ಮುಳುಗಿದವು. ಶಿವಪ್ರಕಾಶನಿಗೆ ಕುಣಿಯಬೇಕೆನಿಸಿತು, ಕಾಲಿರಲಿಲ್ಲ.

ಅಲ್ಲಿಂದ ಮುಂದೆ ಈ ಲೋಕದಲ್ಲಿ ಯಾವ ನೇಕಾರನೂ ಮಾಡದ ಕೆಲಸವನ್ನು ಅವನು ಮಾಡಿದ. ನಾಲ್ಕು ಬೆರಳು ನೇಯುವುದು, ನಾಲ್ಕು ಬೆರಳು ಬಿಚ್ಚುವುದು. ದೊರೆಗಳು ಏಳುವುದು, ಮುಳುಗುವುದು. ನೋಡುವವರಿಗೆ ಲಾಳಿ ಓಡುತ್ತಿದೆ, ಹಣಿಗೆ ಬಡಿಯುತ್ತಿದೆ, ಬೆವರು ಸುರಿಯುತ್ತಿದೆ. ಆದರೆ ಅಂಚಿನ ಚಿನ್ನದ ಗೆರೆಯ ಹಾಗೆಯೇ ಅವನೂ ಒಂದು ಚೌಕದೊಳಕ್ಕೆ ಹೊಕ್ಕು, ತಿರುಗಿ, ಬಂದ ದಾರಿಯಲ್ಲೇ ಹೊರಬರುತ್ತಿದ್ದ. ಹೊರಬಂದರೆ ಮತ್ತದೇ ಚೌಕ. ಶೆಡ್ಡಿನಲ್ಲಿ ಗೋಡೆಯ ಮುಂದೆ ಕೂತಿದ್ದಾಗಲೂ ಸೀರೆಯಾದರೂ ಮುಂದೆ ಹೋಗುತ್ತಿತ್ತಲ್ಲ ಎಂದು ಅವನಿಗೆ ಅನ್ನಿಸಿತು.

ಕೆಂಪನಂಜಪ್ಪನ ಫೋನು ಬಡಿದುಕೊಂಡಿತು. ಡ್ರೈವರ್. ಅವನ ದನಿ ಗುಂಡಿಯವರೆಗೂ ಕೇಳುತ್ತಿತ್ತು. “ಸಾ, ಹನೂರ್ನಲ್ಲಿ ಬಾಕಿ ಇರೋ ಬೀದಿ ಒಂದೂ ಇಲ್ಲ ಸಾ. ಅಕ್ಕ ಪ್ರತೀ ಸಲ ‘ಮುಂದ್ಲು ಬೀದಿ ಕಣಣ್ಣ’ ಅಂತಾರೆ. ಈಗ ಊರು ದಾಟಿ ಒಡೆಯರಪಾಳ್ಯದ ದಾರಿ ಇಡ್ದಿದ್ದೀವಿ. ‘ಗ್ರಾಫ್ ಅಣ್ಣ ಮನೆ ಬದ್ಲಾಯ್ಸಿರ್ಬೇಕು’ ಅಂತಾರೆ. ಏನ್ ಮಾಡ್ಲಿ ಸಾ?”

“ಹುಡುಕು,” ಎಂದು ಕೆಂಪನಂಜಪ್ಪ ಫೋನನ್ನು ಜೇಬಿಗೆ ಹಾಕಿದರು. ನಿದ್ದೆ ಪೂರಾ ಹಾರಿಹೋಗಿತ್ತು. ಮಂಚದಿಂದ ಎದ್ದು, ಕೈ ಹಿಂದೆ ಕಟ್ಟಿಕೊಂಡು, ಮಗ್ಗದ ಪಕ್ಕಕ್ಕೆ ಬಂದು ನಿಂತರು. ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು ಬೆಳೆ ಅಳೆಯುವ ಹಾಗೆ ಬಟ್ಟೆಯ ಕಡೆ ಬಹಳ ಹೊತ್ತು ನೋಡಿದರು.

“ಸಿವಪ್ರಕಾಸ.”

“ಸಾ.”

“ಆ ಜರಿ ಹೂವ ಅದೆಯಲ್ಲ, ಬೆಳಿಗ್ಗೆ ನಾನು ಬಂದಾಗ ಹಣಿಗೆ ಪಕ್ಕದಲ್ಲೇ ಇತ್ತು.”

“ಊ ಸಾ.”

“ಈಗ್ಲೂ ಅಲ್ಲೇ ಅದೆ.”

ಶಿವಪ್ರಕಾಶನ ಕೈಯಲ್ಲಿ ಲಾಳಿ ನಿಂತಿತು.

“ಬೆಳಿಗ್ಗೆಯಿಂದ ನೇಯ್ತಾ ಇದ್ದೀಯ. ಒಂದು ಗೇಣೂ ಬೆಳೆದಿಲ್ಲ. ಏನ್ ಮಾಡ್ತಾ ಇದ್ದೀಯ್ಲಾ ನೀನು?” ದನಿ ಏರುತ್ತ ಏರುತ್ತ ಜಂತೆಯ ಧೂಳು ಉದುರಿಸಿತು. “ಬಿಚ್ತಾ ಇದ್ದೀಯ! ನನ್ನ ಮಗಳ ಧಾರೆ ಸೀರೇನ ನನ್ನ ಕಣ್ಮುಂದೇನೇ ಬಿಚ್ತಾ ಇದ್ದೀಯ! ಬಿಚ್ಚಿದ ಸೀರೆ ಉಡ್ಸಿ ಅವಳಿಗೆ ಧಾರೆ ಎರೀಲಾ ನಾನು? ನೇಮ ಅಂತೆ, ನೇಮ! ಬ್ಯಾಡ ಕಣಯ್ಯ. ಈ ಸೀರೆ ನನಗೆ ಬ್ಯಾಡ.”

ಬ್ಯಾಡ. ಶೆಡ್ಡಿನ ಗುಂಡಿ ಅವನ ಕಣ್ಣ ಮುಂದೆ ಬಾಯಿ ತೆರೆಯಿತು. ಸುಣ್ಣದ ಗೋಡೆಯಲ್ಲಿ ಇರುವೆಗಳು ಸಾಲುಗಟ್ಟಿ ಸ್ವಾಗತಕ್ಕೆ ನಿಂತವು. ಇನ್ನು ಬಚ್ಚಿಡಲು ಏನು ಉಳಿದಿದೆ?

“ಸಾ,” ಎಂದ, “ಮಗ್ಗದ ಹಿಂದಕ್ಕೋಗಿ ಆ ಗೋಣಿ ಎತ್ತಿ ನೋಡಿ. ನೋಡಿದ್ಮೇಲೆ ಬ್ಯಾಡ ಅಂದ್ರೆ ಬ್ಯಾಡ.”

ಕೆಂಪನಂಜಪ್ಪ ಹೋದರು. ಗೋಣಿ ಎತ್ತಿದರು. ಆಮೇಲೆ ಎಷ್ಟು ಮೌನವಾಯಿತೆಂದರೆ ಪಕ್ಕದ ಬೀದಿಯ ಬೆಕ್ಕು ಆಕಳಿಸಿದ್ದೂ ಕೇಳಿಸಿತು.

“ನನ್ನ ದೊರೆಗಳು!” ಎಂಬ ದನಿ ಅಡ್ಡಮರದ ಆಚೆಯಿಂದ ಬಂತು. ಸಿಟ್ಟಿನ ದನಿಯಲ್ಲ, ಹೆಣ ನೋಡಿದವನ ದನಿ. “ನೇಣ್ ಆಕ್ಬುಟ್ಟವ್ರೆ…” ಅಷ್ಟರಲ್ಲಿ ಎಡಬಲಕ್ಕೆ ಚಾಚಿದ ಎರಡು ದಪ್ಪ ಕೈಗಳು ಇಬ್ಬರು ದೊರೆಗಳನ್ನೂ ಹಿಡಿದು ಮೇಲೆತ್ತಿದವು.

“ಎತ್ತಬ್ಯಾಡಿ!” ಶಿವಪ್ರಕಾಶ ಕಿರುಚಿದ. ಹುಟ್ಟಿದಾಗಿನಿಂದ ಯಾರ ಮೇಲೂ ಅವನು ಹಾಗೆ ಕಿರುಚಿರಲಿಲ್ಲ. “ಅಂಚು ನೋಡಿ ಸಾ, ಅಂಚು!”

ದೇವೀರಮ್ಮ ಬಗ್ಗಿ ನೋಡಿ, ಸುದ್ದಿ ಹೇಳುವವಳಂತೆ ಹೇಳಿದಳು: “ಸುಕ್ಕಾಯ್ತು.”

ಕೆಂಪನಂಜಪ್ಪ ಹಾಸಿನ ಮೇಲಿಂದ ಕತ್ತು ಚಾಚಿದರು. ಶಿವರತ್ನಮ್ಮ ಆಸೆಪಟ್ಟಿದ್ದ ಆ ಚಿನ್ನದ ಗೆರೆ ಮಳೆಗೆ ನೆಂದ ಹಪ್ಪಳದಂತೆ ಮುದುಡಿತ್ತು. ದೊರೆಗಳನ್ನು ಒಂದು ಬೆರಳು ಕೆಳಗಿಳಿಸಿದರು.

“ಈಗ?”

“ಸರಿಯಾಯ್ತು.”

ಎತ್ತಿದರು. ಸುಕ್ಕಾಯಿತು. ಇಳಿಸಿದರು. ಚೌಕಗಳೆಲ್ಲ ಸಾಲಾಗಿ ಎದ್ದು ನಿಂತವು. ನಂಬಲಾಗದೆ ಮತ್ತೊಮ್ಮೆ ಎತ್ತಿದರು. ಅವರ ಮುಖದಲ್ಲಿ, ಮೊದಲ ಸಲ ಪಂಪ್‌ಸೆಟ್ಟಿನ ಗುಂಡಿ ಒತ್ತಿ ನೀರು ಬರಿಸಿದವನ ಬೆರಗು. ಎತ್ತಿ, ಇಳಿಸಿ, ಎತ್ತಿ, ಇಳಿಸಿ.

“ಕಲ್ಲು ಕಟ್ಟಕ್ಕಾಗ್ನಿಲ್ವಾ?”

“ಯಾವ ಕಲ್ಲೂ ಒಪ್ನಿಲ್ಲ ಸಾ. ಇವ್ರು ಒಪ್ಪುದ್ರು. ಮೇಲೆ ಬಂದು ನಿಮ್ಗೆ ಕಾಣ್ತಾರೇನೋ ಅಂತ ಬಿಚ್ತಾ ಕುಂತಿದ್ದೆ. ಬಿಚ್ಚಿದ್ದು ನೀವು ಬಂದ್ಮೇಲೆ ನೇಯ್ದಿದ್ದಷ್ಟೇ, ನೂಲು ಒಂದೂ ಕಡಿದಿಲ್ಲ.”

ಕೆಂಪನಂಜಪ್ಪ ಬಾಯಿ ತೆರೆದರು. ಆದರೆ ಅವರ ಕೈಯಲ್ಲಿ ಅದೇ ಹೊತ್ತಿಗೆ ಏನೋ ಜಾರಿತು. ಎತ್ತಿ ಇಳಿಸಿ ಎತ್ತಿ ಇಳಿಸಿ ಬಿಳಿ ದೊರೆಯ ಕತ್ತಿನ ಕುಣಿಕೆ ಸಡಿಲಗೊಂಡಿತ್ತು. ನೀಲಿಯವನದೂ ಅದೇ ದಾರಿ ಹಿಡಿದಿತ್ತು. ಎರಡೂ ಪೀಠಗಳ ಕೆಳಗೆ ಅಂಗೈ ಕೊಟ್ಟು, ಹೆಬ್ಬೆರಳಿನಿಂದ ಹುರಿಯನ್ನು ಅದುಮಿಕೊಂಡು ಅವರು ಕಲ್ಲಾಗಿ ನಿಂತರು.

“ಲೇ. ಬುಟ್ರೆ ಬೀಳ್ತಾರೆ ಕಣ್ಲಾ.”

“ಬುಡಬ್ಯಾಡಿ.”

“ಎತ್ತುದ್ರೆ?”

“ಸುಕ್ಕಾಯ್ತದೆ.”

“ಎಷ್ಟೊತ್ತು ಇಂಗೇ ನಿಂತಿರ್ಲಿ?”

“ಅಲ್ಲಾಡದಂಗೆ ನಿಂತ್ಕಳಿ ಸಾ. ಕುಣಿಕೆ ಹಾಕೋದು ನಂಗೂ ನಮ್ಮವ್ವಂಗೂ ಬುಟ್ರೆ ಇಂಚರಂಗೇ ಗೊತ್ತಿರಾದು. ನಮ್ಮವ್ವಂಗೆ ಕಣ್ಣು ಮಂಜು.”

“ಬೆಳಿಗ್ಗೆಯಿಂದ ಭಾಳ ಮಂಜು,” ಎಂದಳು ದೇವೀರಮ್ಮ.

ಶಿವಪ್ರಕಾಶ ಎರಡೂ ಕೈ ಊರಿ ಗುಂಡಿಯಿಂದ ಮೈಯನ್ನು ಎಳೆದುಕೊಂಡ. ಕಾಲುಗಳು ಬೇರೆಯವರ ಮನೆಯ ಮೂಟೆಗಳಂತೆ ಹಿಂದೆ ಬಂದವು. ಅಂಬೆಗಾಲಿಟ್ಟು, ಗೋಡೆ ಹಿಡಿದು, ಒಂದು ಮೊಣಕಾಲು ಎಬ್ಬಿಸಿ, ಕಡೆಗೆ ನೆಟ್ಟಗೆ ನಿಂತ. ಕೆಂಪನಂಜಪ್ಪ ಆಸೆಯಿಂದ ಅವನನ್ನೇ ನೋಡಿದರು. ಅವನು ಮಗ್ಗದ ಹಿಂದಕ್ಕೆ ತಿರುಗಲಿಲ್ಲ. ಹಿತ್ತಲಿನ ಬಾಗಿಲ ಕಡೆ ತಿರುಗಿದ.

“ಎಲ್ಲಿಗ್ಲಾ?”

“ಬಂದೆ ಸಾ. ಒಂದು ನಿಮಿಷ.”

ಹಿತ್ತಲಿನ ಮೂಲೆಯಲ್ಲಿ ಕಾವೇರಿ ಕಟ್ಟೆ ಒಡೆದುಕೊಂಡು ಹರಿದಳು. ಆ ಪ್ರವಾಹದ ವೈಭವವನ್ನು ಮರ್ಯಾದೆಯ ದೃಷ್ಟಿಯಿಂದ ಇಲ್ಲಿ ವರ್ಣಿಸುವುದಿಲ್ಲ; ಆ ಮೂಲೆಯ ಕರಿಬೇವಿನ ಗಿಡ ಅಂದಿನಿಂದ ಮರವಾಗಿದೆ ಎಂದಷ್ಟೇ ಹೇಳಿದರೆ ಸಾಕು. ಆಮೇಲೆ ಅವನು ತೊಟ್ಟಿಯ ಬಳಿ ನಿಂತು ಒಂದು ಚೆಂಬು ನೀರನ್ನು ಪಾದದ ಮೇಲೆ ಸುರಿದುಕೊಂಡ. ಜೋಮು ಹಿಡಿದ ಪಾದಗಳಲ್ಲಿ ಸಾವಿರ ಸೂಜಿಗಳು ಎದ್ದವು. ಸುಖವಾಗಿತ್ತು.

“ಸಿವಪ್ರಕಾಸಾ!” ಒಳಗಿನಿಂದ ದನಿ. “ಕೈ ನಡುಗ್ತಾ ಅದೆ ಕಣಪ್ಪೋ!”

ಅವನು ಇನ್ನೊಂದು ಚೆಂಬು ಎತ್ತಿಕೊಂಡ. ಕಾಂಪೌಂಡಿನಾಚೆ ಯಳಂದೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇಡೀ ದಿನದಲ್ಲಿ ಮೊದಲ ಸಲ ಅವನ ಮುಂದೆ ಗೋಣಿಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ತಲೆಯೆತ್ತಿ ಕೂಗಿದ:

“ಸಾ, ಸೀರೆ ಬ್ಯಾಡ ಅಂದಂಗಿತ್ತು?”

“ಯಾವನ್ಲಾ ಅಂದೋನು?”

“ನೀವೇ ಸಾ. ಬ್ಯಾಡ ಅಂದ್ಮೇಲೆ ಅಂಚು ಸುಕ್ಕಾದ್ರೇನು, ನೆಟ್ಟಗಾದ್ರೇನು? ಕೈ ನೋಯ್ಸ್ಕಬ್ಯಾಡಿ. ಎತ್ತಿ ಮಂಚದ ಮೇಲೆ ಮಡಗಿ.”

ಒಳಗೆ ಕೈಯಲ್ಲಿ ದೊರೆಗಳು, ಮುಂದೆ ಮಗಳ ಧಾರೆಯಂಚು. ಆ ದೊಡ್ಡ ಮನುಷ್ಯನ ತಲೆಯೊಳಗೆ ಶಿವರತ್ನಮ್ಮ ಬಂದು ನಿಂತಿರಬೇಕು.

“ಬೇಕು!” ಎಂಬ ಕೂಗು ಬಂತು. ಯಳಂದೂರಿನಲ್ಲಿ ಜನ ಖಂಡಿತ ತಿರುಗಿ ನೋಡಿರುತ್ತಾರೆ. “ಸೀರೆ ಬೇಕು ಕಣಯ್ಯಾ! ಇದೇ ಅಂಚು, ಇದೇ ಮಗ್ಗ! ದೊರೆಗಳು ಇಲ್ಲೇ ನೇತಾಡ್ಲಿ, ಸೀರೆ ಮುಗಿಯೋಗಂಟ ಇರ್ಲಿ! ನೀನು ಬಾ ಮದ್ಲು!”

ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಎರಡೂ ಕೈ ಕಟ್ಟಿಬಿದ್ದಿದ್ದವು. ದೇವೀರಮ್ಮ ಮಂಜುಗಣ್ಣಿನಲ್ಲೇ ಜೇಬು ಹುಡುಕಿ, ಸರಿಯಾದ ಗುಂಡಿಯನ್ನೇ ಒತ್ತಿ, ಅವರ ಕಿವಿಗೆ ಹಿಡಿದಳು.

“ಬೀಗರೇ,” ಎಂದರು ಕೆಂಪನಂಜಪ್ಪ, ದನಿಯನ್ನು ಆದಷ್ಟು ಗತ್ತಿಗೆ ತಂದುಕೊಂಡು. “ಹೊನ್ನೂರಿಗೆ ಬಂದ್ಬುಟ್ರಾ… ಇಲ್ಲ ಇಲ್ಲ, ಆಟ ಎಲ್ಲೋಯ್ತದೆ… ಎರಡೂ ದೊರೆಗಳು ಈಗ ನನ್ನ ಕೈಯಲ್ಲೇ ಅವ್ರೆ… ಕದ್ಲಕ್ಕಾಗ್ತಿಲ್ಲ… ನಾನು, ಅವ್ರಲ್ಲ… ಶಿವರತ್ನ ಕಾಫಿ ಕೊಡ್ತಾಳೆ, ಕುಡೀರಿ.” ಆಮೇಲೆ ಫೋನಿನಿಂದ ಮುಖ ತಿರುಗಿಸಿ, ಹಿತ್ತಲಿನತ್ತ, ಅಳುವವರ ದನಿಯಲ್ಲಿ: “ಬಂದ್ಯೇನಪ್ಪಾ?”

“ಬಂದೆ ಸಾ,” ಎಂದ ಶಿವಪ್ರಕಾಶ. ಮುಖಕ್ಕೆ ನೀರು ಎರಚಿಕೊಂಡ. ಕಿವಿಯ ಹಿಂದೆ ತೊಳೆದ, ಕತ್ತು ತೊಳೆದ. ಒರೆಸಿಕೊಳ್ಳಲು ಹಗ್ಗದ ಮೇಲಿನ ಟವೆಲ್ಲಿಗೆ ಕೈ ಹಾಕಿದ. ಅದು ಇನ್ನೂ ಒದ್ದೆಯಾಗಿತ್ತು. ಒಣಗಲಿ ಎಂದು ಅಲ್ಲೇ ಸಂಜೆಯ ಬಿಸಿಲಿನಲ್ಲಿ ನಿಂತ.